ಆ ಕಲ್ಲನ್ನು ಕೆರೆಯಬೇಡಿ

ನಿನ್ನೆಯಿಂದ ಹೊಟ್ಟೆ ಉರೀತಿದೆ. ಬರೆದೇಬಿಡುತ್ತೇನೆ.

ಇಂಗ್ಲೆಂಡಿನ ಕಂಬ್ರಿಯಾದ ಗಾಸ್‌ಫರ್ತ್ ನಿಮಗೆ ಗೊತ್ತಲ್ಲ, ವಾಸ್ಟ್‌ವಾಟರ್ ಸರೋವರಕ್ಕೆ ಹೋಗುವಾಗಲೆಲ್ಲ ನಾನು ಹಟ ಮಾಡಿ ಕಾರು ನಿಲ್ಲಿಸುವ ಹಳ್ಳಿ. ಅಲ್ಲಿನ ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿ, ಸಮಾಧಿಗಳ ನಡುವೆ, 10ನೇ ಶತಮಾನದ ಕಲ್ಲಿನ ಶಿಲುಬೆ ಇದೆ. ಕೆಂಪು ಮರಳುಗಲ್ಲು, ಸುಮಾರು 4.4 ಮೀಟರ್ ಎತ್ತರ. ಬುಡ ಮರದ ಕಾಂಡದ ಹಾಗೆ ದುಂಡಗೆ, ಮೇಲಕ್ಕೆ ಹೋಗ್ತಾ ಚೌಕ.

ನಿನ್ನೆ ನಮ್ಮ ಜೊತೆ ಬಂದವರೊಬ್ಬರು ಪೀಠದ ಮೆಟ್ಟಿಲು ಹತ್ತಿ, ಕಾರಿನ ಕೀಲಿಯಿಂದ ಅದನ್ನು ಕೆರೆಯುತ್ತಿದ್ದರು! ಫೋಟೋದಲ್ಲಿ ಚಿತ್ರ ಸರಿಯಾಗಿ ಬರ್ತಿಲ್ಲವಂತೆ. "ಸ್ವಲ್ಪ ಪಾಚಿ ತೆಗೀತಿದ್ದೀನಿ, ಅಷ್ಟಕ್ಕೇ ಯಾಕ್ರೀ ಕೂಗಾಡ್ತೀರಿ?" ಅಂದರು.

ಅದು ಪಾಚಿ ಅಲ್ಲ, ಕಲ್ಲುಹೂವು. ನಾವು ಮಸಾಲೆಗೆ ಹಾಕುತ್ತೇವಲ್ಲ, ಆ ಜಾತಿಯದು. ಕಲ್ಲನ್ನು ಕಚ್ಚಿಕೊಂಡು ಬೆಳೆಯುತ್ತದೆ. ಕೆರೆದರೆ ಅದರ ಜೊತೆ ಕಲ್ಲೂ ಪುಡಿಯಾಗಿ ಉದುರುತ್ತದೆ. ಆ ಪುಡಿಯಲ್ಲೇ ಚಿತ್ರ ಹೋಗುವುದು.

ಎಂಥ ಚಿತ್ರ ಗೊತ್ತಾ? ಕೈಕಾಲು ಕಟ್ಟಿಸಿಕೊಂಡು ಬಿದ್ದಿರುವ ಲೋಕಿ ಎಂಬ ದೇವರು. ಮೇಲಿನಿಂದ ಹಾವಿನ ವಿಷ ತೊಟ್ಟಿಕ್ಕುತ್ತಿದೆ. ಹೆಂಡತಿ ಸಿಗಿನ್ ಬಟ್ಟಲು ಒಡ್ಡಿ ಕೂತಿದ್ದಾಳೆ, ಒಂದು ಹನಿಯೂ ಗಂಡನ ಮೇಲೆ ಬೀಳಬಾರದು ಅಂತ. ಉತ್ತರ ಯುರೋಪಿನಿಂದ ಹಡಗೇರಿ ಬಂದ ವೈಕಿಂಗರ ಹಳೆಯ ದೇವರ ಕಥೆ ಅದು. ಅದೇ ಕಂಬದ ಪೂರ್ವದ ಮುಖದಲ್ಲಿ ಶಿಲುಬೆಗೇರಿದ ಯೇಸು. ಒಂದೇ ಕಲ್ಲಿನಲ್ಲಿ ಎರಡೂ ಇವೆ. ಸಾವಿರ ವರ್ಷದ ಮಳೆ ಗಾಳಿ ಉಳಿಸಿದ್ದನ್ನು ಒಂದು ಫೋಟೋಗೋಸ್ಕರ ಕೆರೆಯುವುದಾ?

ಕಲ್ಲುಹೂವು ಕಲ್ಲನ್ನೇ ತಿನ್ನುತ್ತೆ, ತೆಗೆಯೋದೇ ಒಳ್ಳೇದು ಅಂತ ದಾರಿಯುದ್ದಕ್ಕೂ ವಾದ ಮಾಡಿದರು. ತಿನ್ನಬಹುದು. ಹಾಗಿದ್ದರೆ ಅದನ್ನು ಬಲ್ಲವರು ಬಂದು ನೋಡಿಕೊಳ್ಳುತ್ತಾರೆ. ಕಾರಿನ ಕೀಲಿಗೆ ಅಲ್ಲೇನು ಕೆಲಸ? ಚಿತ್ರ ಸ್ಪಷ್ಟವಾಗಿಯೇ ಬೇಕಿದ್ದರೆ, 1882ರಲ್ಲಿ ಇದರ ಅಚ್ಚು ತೆಗೆದು ಮಾಡಿದ ಪ್ರತಿ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅಲ್ಲಿ ಹೋಗಿ ಎಷ್ಟು ಬೇಕಾದರೂ ಫೋಟೋ ತೆಗೆದುಕೊಳ್ಳಲಿ.

ನನಗೆ ಇಷ್ಟು ಸಿಟ್ಟು ಬರಲು ಇನ್ನೊಂದು ಕಾರಣ ಇದೆ. ಯಾರಿಗೂ ಹೇಳಿರಲಿಲ್ಲ. ನಮ್ಮೂರ ಕೆರೆ ಏರಿ ಮೇಲೆ ಒಂದು ವೀರಗಲ್ಲು ಇದೆ. ಚಿಕ್ಕವನಿದ್ದಾಗ ನಾನೂ ನನ್ನ ಜೊತೆಗಾರರೂ ಹುಲ್ಲು ಕೊಯ್ಯಲು ಹೋಗುವ ಮುಂಚೆ ಅದರ ಮೇಲೇ ಕುಡುಗೋಲು ಮಸೆಯುತ್ತಿದ್ದೆವು. ಯಾರೂ ಬೈಯಲಿಲ್ಲ. ಈಗ ಆ ವೀರನ ಕುದುರೆಗೆ ಮುಖ ಇಲ್ಲ. ಊರಿಗೆ ಹೋದಾಗಲೆಲ್ಲ ಆ ನುಣುಪಾದ ಜಾಗಕ್ಕೆ ಬೆರಳು ಇಟ್ಟು ನೋಡುತ್ತೇನೆ.

ನಿನ್ನೆ ಹೊರಡುವ ಮುಂಚೆ ಮತ್ತೆ ಶಿಲುಬೆಯ ಹತ್ತಿರ ಹೋದೆ. ಬೂದು ಬಣ್ಣಕ್ಕೆ ತಿರುಗಿದ ಕಲ್ಲಿನ ಮೇಲೆ, ಸಿಗಿನ್‌ಳ ಬಟ್ಟಲಿನ ಸ್ವಲ್ಪ ಕೆಳಗೆ, ಮೂರು ಹೊಸ ಗೀರು. ಒಳಗಿನ ಕೆಂಪು ಹಸಿಹಸಿಯಾಗಿ ಕಾಣುತ್ತಿತ್ತು.