ಕರೆಂಟ್ ಹೋದ ಗಂಟೆಗಳನ್ನು ಯಾರು ಎಣಿಸಬೇಕು?

ಕಳೆದ ಮಳೆಗಾಲದಲ್ಲಿ ಅಮ್ಮನ ಫೋನ್ ನಾಲ್ಕು ದಿನ ಸ್ವಿಚ್ ಆಫ್ ಬಂತು. ಐದನೇ ದಿನ ಅವಳೇ ಮಾಡಿದಳು. "ಕರೆಂಟ್ ಹೋಗಿ ಐದು ದಿನ ಆಯ್ತು ಮಗಾ, ಪೇಟೆಗೆ ಹೋಗೋರ ಕೈಲಿ ಫೋನ್ ಕೊಟ್ಟು ಚಾರ್ಜ್ ಮಾಡಿಸಿದೆ" ಅಂದಳು. ನಾನು ಮೊದಲು ಕೇಳಿದ್ದು ಇನ್ಸುಲಿನ್ ಬಗ್ಗೆ. ಫ್ರಿಜ್ ನಿಂತ ದಿನವೇ ಅದನ್ನು ಸ್ಟೀಲ್ ಡಬ್ಬಿಗೆ ಹಾಕಿ, ಮಡಕೆಯಲ್ಲಿ ಒದ್ದೆ ಮರಳು ತುಂಬಿ, ಅದರೊಳಗೆ ಇಟ್ಟಿದ್ದಳಂತೆ. ಮರಳು ಒಣಗದ ಹಾಗೆ ದಿನಕ್ಕೆರಡು ಸಲ ನೀರು ಚಿಮುಕಿಸುತ್ತಿದ್ದಳು.

ನಮ್ಮೂರು ಮಲೆನಾಡು. ಕರೆಂಟ್ ಲೈನ್ ಬರುವುದೇ ಕಾಡಿನ ನಡುವೆ. ಮರ ಬಿದ್ದು ಎರಡು ಕಂಬ ಮುರಿದಿದ್ದವು, ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಿತ್ತು. ಯುಪಿಎಸ್ ಎರಡನೇ ದಿನಕ್ಕೇ ಸತ್ತಿತ್ತು. ಪಂಪ್ ಇಲ್ಲದೆ ಅಮ್ಮ ಬಾವಿಯಿಂದ ಸೇದಿ ಸೇದಿ ನೀರು ಎಳೆದಿದ್ದಳು. ಅವಳಿಗೆ ಎಪ್ಪತ್ತೊಂದು ವರ್ಷ. ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿಗೆ ನಾನು ಇಲ್ಲಿಂದ ಎಷ್ಟು ಸಲ ಫೋನ್ ಮಾಡಿದರೂ ಯಾರೂ ಎತ್ತಲಿಲ್ಲ.

ನಾನಿರುವುದು ಸ್ವೀಡನ್ನಿನ ದಕ್ಷಿಣದ ಸ್ಮೋಲಂಡ್ ಪ್ರಾಂತ್ಯದಲ್ಲಿ, ಎಲ್ಮ್‌ಹುಲ್ಟ್ ಪಕ್ಕದ ಒಂದು ಹಳ್ಳಿಯಲ್ಲಿ. ಪೀಠೋಪಕರಣ ಮಾರುವ ಐಕಿಯಾ ಕಂಪನಿ ತನ್ನ ಮೊದಲ ಅಂಗಡಿ ತೆರೆದ ಊರು ಎಲ್ಮ್‌ಹುಲ್ಟ್. ಇದೂ ಕಾಡಿನ ಸೀಮೆಯೇ, ನಮ್ಮ ಹಾಗೆ ಒಂಟಿ ಒಂಟಿ ಮನೆಗಳು. ಆದ್ದರಿಂದ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ತಪ್ಪಲ್ಲ ಅನಿಸುತ್ತದೆ.

ಕರೆಂಟ್ ಹೋದರೆ ಏನು ಮಾಡಬೇಕು ಅನ್ನುವುದಕ್ಕೆ ಇಲ್ಲಿನವರು ಈಗ ಸಜ್ಜಾಗಿದ್ದಾರೆ, ಮೊದಲಿನಿಂದಲೂ ಹಾಗಿರಲಿಲ್ಲ. 2005ರ ಜನವರಿ 8ರ ರಾತ್ರಿ ಗುಡ್ರುನ್ ಎಂಬ ಬಿರುಗಾಳಿ ಬಂತು. ಬಿದ್ದ ಮರಗಳ ಲೆಕ್ಕ ಸುಮಾರು 7.5 ಕೋಟಿ ಘನ ಮೀಟರ್. ಸುಮಾರು 7,30,000 ಗ್ರಾಹಕರಿಗೆ ಕರೆಂಟ್ ಹೋಯಿತು. ಕೆಲವು ಹಳ್ಳಿ ಮನೆಗಳಿಗೆ ಅದು ತಿಂಗಳು ಕಳೆದ ಮೇಲೂ ಬರಲಿಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿ ಆ ಜನವರಿಯ ಕಥೆ ಹೇಳುವಾಗ ಈಗಲೂ ಎರಡೂ ಕೈಯಿಂದ ಕಾಫಿ ಲೋಟ ಹಿಡಿದುಕೊಳ್ಳುತ್ತಾರೆ. ಮೂರು ವಾರ ಒಂದೇ ಕೋಣೆ, ಒಂದೇ ಕಟ್ಟಿಗೆ ಒಲೆ. ಪಂಪ್ ನಡೆಯದೆ ಬಾವಿ ನೀರೂ ಇಲ್ಲ, ಹಿಮ ಕರಗಿಸಿ ಪಾತ್ರೆ ತೊಳೆದರಂತೆ. ಕೇಳುವಾಗ ನನಗೆ ಅಮ್ಮನ ಬಾವಿ, ಅಮ್ಮನ ಕೈ ನೆನಪಾಗುತ್ತದೆ.

ಆ ಗಾಳಿಯ ನಂತರ ಇಲ್ಲಿನ ಸರ್ಕಾರ ವಿದ್ಯುತ್ ಕಾಯ್ದೆಯನ್ನೇ ಬದಲಿಸಿತು. 2006ರಿಂದ, ಕರೆಂಟ್ ಹೋಗಿ 12 ಗಂಟೆ ದಾಟಿದರೆ ತಂತಿ ನೋಡಿಕೊಳ್ಳುವ ಕಂಪನಿ ಪರಿಹಾರ ಕೊಡಬೇಕು. ಮನೆಯವರು ವರ್ಷಕ್ಕೆ ಕಟ್ಟುವ ತಂತಿ ಶುಲ್ಕದ ಶೇ. 12.5ರಿಂದ ಅದು ಶುರು. ದಿನ ಹೆಚ್ಚಿದಂತೆ ಮೊತ್ತವೂ ಏರಿ ಶೇ. 300ರವರೆಗೆ ಹೋಗುತ್ತದೆ. ಶುಲ್ಕ ಕಡಿಮೆ ಇರುವ ಮನೆಗೂ ಒಂದು ಕನಿಷ್ಠ ಮೊತ್ತ ಸಿಗಲೇಬೇಕು. 2011ರಿಂದ ಇನ್ನೊಂದು ನಿಯಮ ಬಂತು: ಕಂಪನಿಯ ಹಿಡಿತದಲ್ಲಿರುವ ಕಾರಣಕ್ಕೆ 24 ಗಂಟೆಗಿಂತ ಜಾಸ್ತಿ ಕರೆಂಟ್ ಹೋಗುವ ಹಾಗೇ ಇಲ್ಲ.

ಇದಕ್ಕೆ ಅರ್ಜಿ ಬೇಕಿಲ್ಲ. ಎರಡು ವರ್ಷದ ಹಿಂದೆ ಒದ್ದೆ ಹಿಮ ಬಿದ್ದು ನಮ್ಮ ಮನೆಗೆ 19 ಗಂಟೆ ಕರೆಂಟ್ ಇರಲಿಲ್ಲ. ನಾನು ಯಾರಿಗೂ ದೂರು ಕೊಡಲಿಲ್ಲ. ಕೆಲವು ವಾರದ ಮೇಲೆ ಬಂದ ಬಿಲ್ಲಿನಲ್ಲಿ ಸಾವಿರ ಕ್ರೋನರಿಗೆ (ಕ್ರೋನರ್ ಇಲ್ಲಿನ ಹಣ) ಸ್ವಲ್ಪ ಮೇಲೆ ಕಳೆದಿತ್ತು. ಪಕ್ಕದಲ್ಲಿ ಕರೆಂಟ್ ಹೋದ ಹೊತ್ತು, ಬಂದ ಹೊತ್ತು ನಿಮಿಷದ ಲೆಕ್ಕದಲ್ಲಿ.

ಆ ದುಡ್ಡು ನನಗೆ ದೊಡ್ಡದಲ್ಲ. ಹೋದ ಪ್ರತಿ ಗಂಟೆಯನ್ನೂ ಕಂಪನಿಯೇ ಎಣಿಸುತ್ತಿದೆ ಅನ್ನುವುದು ದೊಡ್ಡದು. ಗಂಟೆಗೆ ಬೆಲೆ ಬಿದ್ದಾಗ ಅವರು ಕಾಡಿನ ಲೈನ್‌ಗಳನ್ನು ಸಾವಿರಾರು ಕಿಲೋಮೀಟರ್ ನೆಲದಡಿಗೆ ಇಳಿಸಿದರು. ಆ ಖರ್ಚು ಕೊನೆಗೆ ನಮ್ಮ ಶುಲ್ಕದಲ್ಲೇ ಸೇರುತ್ತದೆ, ಹಳ್ಳಿಯವರಿಗೆ ಅದು ಹೊರೆಯೇ. ಆದರೂ ಗುಡ್ರುನ್ ನೋಡಿದ ನಮ್ಮ ಅಜ್ಜಿಯಂಥವರು ಹಳೆಯ ತಂತಿ ಕಂಬಗಳು ಮತ್ತೆ ಬೇಕು ಅಂದಿದ್ದನ್ನು ನಾನು ಕೇಳಿಲ್ಲ.

ನಮ್ಮಲ್ಲಿ ಕಾನೂನು ಇಲ್ಲವೇ? ಇದೆ. 2003ರ ವಿದ್ಯುತ್ ಕಾಯ್ದೆಯ 57ನೇ ಕಲಂ ಸೇವೆ ತಪ್ಪಿದರೆ ಪರಿಹಾರ ಅನ್ನುತ್ತದೆ. ಕರ್ನಾಟಕದ ವಿದ್ಯುತ್ ನಿಯಂತ್ರಣ ಆಯೋಗ ನಿಗದಿ ಮಾಡಿದ ಗಡುವಿನಲ್ಲಿ ಸುಟ್ಟ ಟಿಸಿ ಬದಲಿಸಲು ಪೇಟೆಯಲ್ಲಿ 24 ಗಂಟೆ, ಹಳ್ಳಿಯಲ್ಲಿ 72 ಗಂಟೆ. ದೂರದಿಂದಲೇ ಅಳೆಯಬಹುದಾದ ಲೋಪಕ್ಕೆ ಪರಿಹಾರ ತಾನಾಗಿಯೇ ಸಿಗಬೇಕು ಅಂತ ಕೇಂದ್ರದ 2020ರ ಗ್ರಾಹಕ ಹಕ್ಕುಗಳ ನಿಯಮವೂ ಹೇಳುತ್ತದೆ. ಅಮ್ಮನಿಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ. ಊರಲ್ಲಿ ಕೇಳಿದೆ, ಯಾರಿಗೂ ಗೊತ್ತಿಲ್ಲ. ಕತ್ತಲೆಯಲ್ಲಿ ಕೂತವರೇ ಗಂಟೆ ಎಣಿಸಬೇಕು, ಅವರೇ ಕಾಗದ ಬರೆಯಬೇಕು ಅಂದರೆ ಆ ಹಕ್ಕು ಹಳ್ಳಿ ಮನೆಯ ಹೊಸಿಲು ದಾಟುವುದಿಲ್ಲ.

ಲೆಕ್ಕ ಇಲ್ಲದ ಕಡೆ ಸಿಟ್ಟೂ ತಪ್ಪು ಜಾಗಕ್ಕೆ ಹೋಗುತ್ತದೆ. ನಮ್ಮೂರಲ್ಲಿ ಬೈಸಿಕೊಳ್ಳುವವನು ಲೈನ್‌ಮನ್. ಸುರಿಯುವ ಮಳೆಯಲ್ಲಿ, ಜಿಗಣೆ ಕಚ್ಚಿಸಿಕೊಂಡು ಲೈನ್ ಉದ್ದಕ್ಕೂ ನಡೆದು ಮರ ಬಿದ್ದ ಜಾಗ ಹುಡುಕುವವನು ಅವನೇ. ಆ ಐದು ದಿನವೂ ಅವನು ಮನೆಗೆ ಹೋಗಿರಲಿಲ್ಲ ಅಂತ ಅಮ್ಮ ಹೇಳಿದಳು. ಅವನಿಗೆ ಜಾಸ್ತಿ ಜನ ಕೊಡಬೇಕು, ಮಳೆ ಶುರುವಾಗುವ ಮುಂಚೆಯೇ ಕೊಂಬೆ ಕಡಿಸಬೇಕು. ಗಂಟೆಗಳಿಗೆ ಬೆಲೆ ಬಿದ್ದರೆ ಇದು ಆಫೀಸಿನವರಿಗೂ ಬೇಕಾಗುತ್ತದೆ, ಅಲ್ವಾ?

ಪರಿಹಾರ ಆಮೇಲಿನ ಮಾತು. ಕರೆಂಟ್ ಇಲ್ಲದ ದಿನವೇ ಬೇಕಾದ ಸಹಾಯವೂ ಇದೆ. ಇಲ್ಲಿ ದೊಡ್ಡ ತೊಂದರೆ ಆದರೆ ಮುನಿಸಿಪಾಲಿಟಿ ಶಾಲೆಯನ್ನೋ ಯಾವುದಾದರೂ ಸಭಾಂಗಣವನ್ನೋ ತೆರೆಯುತ್ತದೆ. ಅಲ್ಲಿ ಬಿಸಿ ಇರುತ್ತದೆ, ಊಟ ಇರುತ್ತದೆ, ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳುವವರಿರುತ್ತಾರೆ. ಬ್ಯಾಟರಿ ರೇಡಿಯೋ ಇಟ್ಟುಕೊಳ್ಳಿ ಅಂತ ಮನೆಮನೆಗೆ ಪುಸ್ತಿಕೆ ಬರುತ್ತದೆ. ನಮ್ಮೂರಿಗೆ ಇಷ್ಟೆಲ್ಲ ಬೇಕಿಲ್ಲ. ನೆರೆಯವರು ಕತ್ತಿ ಹಿಡಿದು ಬಂದು ದಾರಿಗೆ ಬಿದ್ದ ಮರ ಕಡಿಯುತ್ತಾರೆ, ಗಂಜಿ ತಂದು ಕೊಡುತ್ತಾರೆ. ಪಂಚಾಯಿತಿ ಆಫೀಸಿನಲ್ಲಿ ಒಂದು ಜನರೇಟರ್, ಔಷಧಿಗೆ ಒಂದು ಸಣ್ಣ ಫ್ರಿಜ್, ಫೋನ್ ಚಾರ್ಜಿಗೆ ಹತ್ತು ಪ್ಲಗ್ ಇದ್ದರೆ ಸಾಕಿತ್ತು. ಅಮ್ಮ ಮರಳಿಗೆ ನೀರು ಚಿಮುಕಿಸುತ್ತಾ ಕೂರಬೇಕಿರಲಿಲ್ಲ.

ಈ ಸಲ ಅವಳಿಗೆ ಎರಡು ಕೆಲಸ ಹೇಳಿದ್ದೇನೆ. ಕರೆಂಟ್ ಹೋದ ಕೂಡಲೇ ವಿದ್ಯುತ್ ದೂರಿನ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದುಕೊಳ್ಳುವುದು. ಹೋದ ಹೊತ್ತು, ಬಂದ ಹೊತ್ತು ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು. ಜೂನ್ ತಿಂಗಳ ಹಾಳೆಯ ಫೋಟೋ ಮೊನ್ನೆ ಕಳಿಸಿದಳು. ಏಕಾದಶಿ, ಅಮಾವಾಸ್ಯೆಗಳ ಪಕ್ಕದಲ್ಲಿ ಅವಳ ದುಂಡು ಅಕ್ಷರದಲ್ಲಿ ಗಂಟೆಗಳು. ಆ ಹಾಳೆ ಇಟ್ಟುಕೊಂಡು ಗ್ರಾಹಕರ ಕುಂದುಕೊರತೆ ವೇದಿಕೆಗೆ ಅರ್ಜಿ ಬರೆಯುತ್ತಿದ್ದೇನೆ. ಊರಿನ ಇನ್ನೂ ನಾಲ್ಕು ಮನೆಯವರು ತಮ್ಮ ಕ್ಯಾಲೆಂಡರ್ ಹಾಳೆ ಕೊಡುತ್ತೇವೆ ಅಂದಿದ್ದಾರೆ.