ಎಷ್ಟ ಹಚ್ಚಿದ್ರು, ಎಷ್ಟ ಹತ್ತಿದ್ವು?

ಮೊನ್ನೆ ಬೆಳಿಗ್ಗೆ ಏಳಕ್ಕೇ ಮೊಬೈಲಿಗೆ ಒಂದು ಶುಭಾಶಯ ಬಂತು. ಕೇಕಿನ ಚಿತ್ರ, ಬಲೂನು, ನಡುವೆ ನನ್ನ ಹೆಸರು. 'ನಿಮ್ಮ ಹೊಸ ಕೂದಲಿಗೆ ಇಂದು ಒಂದು ವರ್ಷ!' ನನ್ನ ಹುಟ್ಟುಹಬ್ಬ ಮನೆಯಲ್ಲೇ ಮಧ್ಯಾಹ್ನದ ತನಕ ಯಾರಿಗೂ ನೆನಪಾಗುವುದಿಲ್ಲ. ಕೂದಲಿನದು ಅದನ್ನು ನೆಟ್ಟ ಕ್ಲಿನಿಕ್‌ನವರಿಗೆ ನೆನಪಿದೆ. ಕನ್ನಡಿ ಮುಂದೆ ನಿಂತು, ಯಾವ ಕೂದಲಿಗೆ ಹಾರೈಸಬೇಕು ಅಂತ ಸ್ವಲ್ಪ ಹೊತ್ತು ಹುಡುಕಿದೆ. ಕೆಳಗೆ ಇನ್ನೊಂದು ಸಾಲಿತ್ತು: ಗೆಳೆಯರೊಬ್ಬರನ್ನು ಕರೆತನ್ನಿ, ಇಬ್ಬರಿಗೂ ರಿಯಾಯಿತಿ.

ಬೋಳುತಲೆಯವರಿಗೆ ವಿಜಯಪುರದಷ್ಟು ಕಷ್ಟದ ಊರು ಇನ್ನೊಂದಿಲ್ಲ. ಬೇರೆ ಊರಲ್ಲಿ ತಮಾಷೆ ಮಾಡುವವರು ಸ್ವಲ್ಪವಾದರೂ ಬುದ್ಧಿ ಖರ್ಚು ಮಾಡಬೇಕು. ಇಲ್ಲಿ 1656ರಲ್ಲೇ ಕಟ್ಟಿಟ್ಟಿದ್ದಾರೆ. ಹೊರಗಿನಿಂದ 44 ಮೀಟರ್ ಅಗಲದ ಗುಮ್ಮಟ, ನಡುವೆ ಒಂದು ಕಂಬ ಇಲ್ಲ. ನಮ್ಮ ಆಫೀಸಿಗೆ ಬಂದ ಹೊಸ ಹುಡುಗ, ದಿನಾ ಜೆಲ್ ಹಚ್ಚಿ ಕೂದಲು ನಿಲ್ಲಿಸಿಕೊಂಡು ಬರುವವನು, ಎರಡನೇ ವಾರಕ್ಕೇ 'ಸರ, ಗೋಳಗುಮ್ಮಟದಾಗ ಈ ಕಡೆ ಪಿಸುಗುಟ್ಟಿದ್ರ ಆ ಕಡೆ ಕೇಳತೈತೇನ್ರಿ?' ಅಂತ ನನ್ನ ತಲೆ ನೋಡುತ್ತ ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದೇ ಶನಿವಾರ ಕ್ಲಿನಿಕ್ಕಿಗೆ ಹೋದೆ.

ಅಲ್ಲಿ ಒಬ್ಬ ಹುಡುಗಿ ಟ್ಯಾಬ್ ಹಿಡಿದು ನನ್ನ ಫೋಟೋ ತೆಗೆದಳು. ಬೆರಳಾಡಿಸಿ, ಕೂದಲು ಬಂದ ನನ್ನನ್ನು ತೋರಿಸಿದಳು. ಸುಳ್ಳು ಯಾಕೆ ಹೇಳಲಿ, ಆ ಮನುಷ್ಯ ಚೆನ್ನಾಗಿದ್ದ. ಅವನ ಮುಖ ನೋಡಿಯೇ ಹನ್ನೆರಡು ಕಂತಿಗೆ ಸಹಿ ಹಾಕಿದೆ.

ಕೂದಲು ನೆಡುವ ದಿನ ಡಾಕ್ಟರು ಬಂದರು, ಹಣೆ ಮೇಲೆ ಮಾರ್ಕರಿನಿಂದ ಒಂದು ಗೆರೆ ಎಳೆದರು, ಹೋದರು. ಉಳಿದದ್ದೆಲ್ಲ ಇಬ್ಬರು ಹುಡುಗರ ಕೈಯಲ್ಲಿ. ಬೆಳಿಗ್ಗೆ ಹೊಟ್ಟೆ ಮೇಲೆ ಮಲಗಿಸಿ ಹಿಂದಲೆಯ ಕೂದಲು ಕಿತ್ತರು, ಊಟವಾದ ಮೇಲೆ ಬೆನ್ನ ಮೇಲೆ ಮಲಗಿಸಿ ಮುಂದೆ ನೆಟ್ಟರು. ಇಡೀ ದಿನ ಕ್ರಿಕೆಟ್ ಮಾತಾಡಿದರು. ಸಂಜೆ '2,200 ಗ್ರಾಫ್ಟ್ ಆಯ್ತು ಸರ್' ಅಂದರು. ಗ್ರಾಫ್ಟ್ ಅಂದರೆ ಬೇರು ಸಮೇತ ಕಿತ್ತು ನೆಟ್ಟ ಕೂದಲು.

ಮೂರನೇ ವಾರ ನೆಟ್ಟದ್ದು ಉದುರಿತು. ಫೋನ್ ಮಾಡಿದೆ. 'ತುಂಬಾ ಒಳ್ಳೇದು ಸರ್, ಉದುರಲೇಬೇಕು.' ಇದು ನಿಜವೇ. ಮೇಲಿನ ಎಳೆ ಉದುರುತ್ತದೆ, ಒಳಗಿನ ಬೇರಿನಿಂದ ಮೂರು ನಾಲ್ಕು ತಿಂಗಳಿಗೆ ಮತ್ತೆ ಹುಟ್ಟುತ್ತದೆ. ಆದರೆ ಉದುರಿದರೂ ಒಳ್ಳೇದು ಎನ್ನುವ ಧಂದೆಯಲ್ಲಿ, ಕೆಟ್ಟಿದೆ ಅಂತ ಗೊತ್ತಾಗುವುದು ಯಾವಾಗ? ನಾಲ್ಕು ತಿಂಗಳಿಗೆ 'ಆರು ತಿಂಗಳು ಕಾಯಿರಿ' ಅಂದರು. ಆರಕ್ಕೆ 'ಒಂಬತ್ತು' ಅಂದರು. ನಡುವೆ ಪಿಆರ್‌ಪಿ ಅಂತ ಒಂದು. ನನ್ನದೇ ರಕ್ತ ತೆಗೆದು, ಗಿರಗಿರ ತಿರುಗಿಸಿ, ನನ್ನದೇ ತಲೆಗೆ ಚುಚ್ಚಿ, ನನ್ನಿಂದಲೇ ದುಡ್ಡು. ಮನೆಯಲ್ಲಿ ಹಚ್ಚಲು ಮಿನಾಕ್ಸಿಡಿಲ್. ಅದು ಮೊದಲು ಬಿಪಿ ಗುಳಿಗೆ. ನುಂಗಿದವರಿಗೆ ಎಲ್ಲೆಲ್ಲೋ ಕೂದಲು ಬಂತು ಅಂತ ತಲೆಗೆ ಹಚ್ಚುವ ಔಷಧಿ ಮಾಡಿದರು, 1988ರಲ್ಲಿ ಅಮೆರಿಕ ಅದನ್ನು ಒಪ್ಪಿತು. ನನಗೆ ಬಿಪಿ ಶುರುವಾದದ್ದು ಬಿಲ್ ನೋಡಿದ ಮೇಲೆ.

ಮನುಷ್ಯನಿಗೆ ಕೂದಲಿನ ಆಸೆ ಯಾಕೆ ಎಂಬುದರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕು ಅಂತಲೇ ಇದನ್ನು ಬರೆಯಲು ಕೂತದ್ದು. ಅದಕ್ಕೆ ಮೊದಲು ನಮ್ಮ ಸೋದರಮಾವನ ವಿಷಯ ಹೇಳಿಬಿಡುತ್ತೇನೆ.

ಮಾವನಿಗೆ ತಿಕೋಟಾ ಹತ್ತಿರ ನಾಲ್ಕು ಎಕರೆ ದ್ರಾಕ್ಷಿ. ವಯಸ್ಸು ಎಪ್ಪತ್ತೆರಡು. ತಲೆ ಮೇಲೆ ಯಾವಾಗಲೂ ಬಿಳಿ ಟೊಪ್ಪಿಗೆ. ಮದುವೆ ಕಾರ್ಡು ಕೊಡಲು ಬಂದವರು ನನ್ನ ಹಣೆ ನೋಡಿ 'ಏನಪಾ ಅಳಿಯಾ, ಗುಳ್ಳಿ ಎದ್ದಾವೇನ?' ಅಂದರು. ಮುಚ್ಚಿಡಲಾಗಲಿಲ್ಲ, ಗ್ರಾಫ್ಟ್ ಮಾಡಿಸಿದ್ದೇನೆ ಅಂದೆ. ದ್ರಾಕ್ಷಿಯವರಿಗೆ ಗ್ರಾಫ್ಟ್ ಅಂದರೆ ಕಸಿ. ಆ ಪದ ಕೇಳಿದ್ದೇ ತಡ, ಮಾವ ಚಹಾ ಕೆಳಗಿಟ್ಟರು.

'ಯಾವ ಬೇರಿನ ಮ್ಯಾಲ?'

ನಮ್ಮ ಕಡೆ ನೀರು ಸವಳು, ನೆಲ ಗಟ್ಟಿ. ಹಾಗಾಗಿ ಮೊದಲು ಡಾಗ್‌ರಿಜ್ ಎಂಬ ಕಾಡುಬಳ್ಳಿಯ ಬೇರು ಹಚ್ಚಿ, ಅದರ ಮೇಲೆ ಥಾಮ್ಸನ್ನೋ ಸೋನಾಕಾನೋ ಕಸಿ ಕಟ್ಟುತ್ತಾರೆ. 'ಡಾಗ್‌ರಿಜ್ ಸಾಯಂಗಿಲ್ಲ. ಹಂಗಂತ ತಿನ್ನೂ ಹಣ್ಣೂ ಕೊಡಂಗಿಲ್ಲ' ಅಂತ ಮಾವ ಶುರು ಮಾಡಿದರು. ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದು, ಯಾಕೆ, ಅಕ್ಟೋಬರ್ ಚಾಟ್ನಿ ಯಾಕೆ, ವರ್ಷಕ್ಕೆ ಎರಡು ಸಲ ಕತ್ತರಿಸಿದರೂ ಬೆಳೆ ಒಂದೇ ಯಾಕೆ, ಎಲ್ಲ ಬಂತು. ನಡುವೆ ನನ್ನ ಕಡೆ ತಿರುಗಿ 'ನಿನಗ ಚಾಟ್ನಿ ಮಾಡ್ಯಾರೇನ?' ಅಂತಲೂ ಕೇಳಿದರು. ಮೊದಲ ಎಕರೆಯಲ್ಲಿ 900 ಕಸಿ ಕಟ್ಟಿಸಿದಾಗ 37 ಹತ್ತಲಿಲ್ಲವಂತೆ. ಮಾವ ಒಂದೊಂದಕ್ಕೂ ಕೆಂಪು ಚಿಂದಿ ಕಟ್ಟಿ, ಕಸಿಯವನನ್ನು ಕರೆಸಿ, ಅಷ್ಟೂ ಮತ್ತೆ ಕಟ್ಟಿಸಿ, ಚಿಗುರು ನೋಡಿದ ಮೇಲೆಯೇ ಕೊನೆಯ ರೊಕ್ಕ ಕೊಟ್ಟರಂತೆ.

'ನಿನ್ನವು ಎಷ್ಟ ಹಚ್ಚಿದ್ರು?'

'ಎರಡು ಸಾವಿರದಾ ಇನ್ನೂರು ರೀ ಮಾವಾ.'

'ಎಷ್ಟ ಹತ್ತಿದ್ವು?'

ನನಗೆ ಗೊತ್ತಿರಲಿಲ್ಲ.

'ಎಣಸಿಲ್ಲೇನ? ರೊಕ್ಕ ಎಣಿಸೇ ಕೊಟ್ಟೀದಿಲ್ಲ?'

ಕಂತು ಬ್ಯಾಂಕಿನಿಂದ ತಾನೇ ಹೋಗುತ್ತದೆ ಅಂತ ಹೇಳಲು ಧೈರ್ಯವಾಗಲಿಲ್ಲ. ಮಾವ ಕಟ್ಟೆ ಮೇಲೆ ಬಿಸಿಲಿಗೆ ನನ್ನನ್ನು ಕೂಡಿಸಿ, ಚಾಳೀಸು ಹಾಕಿಕೊಂಡು, ಕಡ್ಡಿಪೆಟ್ಟಿಗೆಯ ಕಡ್ಡಿಯಿಂದ ಎಣಿಸತೊಡಗಿದರು. ಓಣಿಯ ಹುಡುಗರು ಸೇರಿದರು. ಇನ್ನೂರಾ ಹನ್ನೆರಡಕ್ಕೆ ತಾಸಗಾಂವದಿಂದ ಒಣದ್ರಾಕ್ಷಿ ವ್ಯಾಪಾರಿಯ ಫೋನ್ ಬಂತು. ಲೆಕ್ಕ ತಪ್ಪಿತು. ಮತ್ತೆ ಒಂದರಿಂದ. ಕೊನೆಗೆ ಮಾವ ಕಡ್ಡಿ ಎಸೆದು 'ಮುಂದಿನ ಎರಡ ಸಾಲಷ್ಟ ಹತ್ಯಾವ, ನಡುವ ಬಯಲ ಐತಿ. ಕಸಿಯವನ್ನ ಕರಸು' ಅಂದರು. ಸೆಕೆಗೆ ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡರು. ಹತ್ತಿ ಬಿಟ್ಟ ಹೊಲದ ಹಾಗೆ ಬೆಳ್ಳಗೆ, ದಟ್ಟ ಕೂದಲು. ಐವತ್ತು ವರ್ಷದಿಂದ ಅಷ್ಟನ್ನೂ ಟೊಪ್ಪಿಗೆಯೊಳಗೆ ಮುಚ್ಚಿಟ್ಟಿದ್ದಾರೆ. ಒರೆಸಿಕೊಂಡು ಮತ್ತೆ ಮುಚ್ಚಿದರು. ಆ ಕ್ಷಣ ಮಾವನ ಮೇಲೆ ನನಗೆ ಬಂದ ಸಿಟ್ಟು ಕ್ಲಿನಿಕ್ಕಿನ ಮೇಲೂ ಬಂದಿರಲಿಲ್ಲ.

ಆದರೂ ಅವರ ಪ್ರಶ್ನೆ ಹೊತ್ತುಕೊಂಡು ಹೋದೆ. ಟ್ಯಾಬಿನ ಹುಡುಗಿ ಕೆಲಸ ಬಿಟ್ಟಿದ್ದಳು. ಹೊಸಬಳು ನಗುತ್ತಲೇ ಹೇಳಿದಳು: 'ಹಾಗೆಲ್ಲ ಎಣಿಸೋಕೆ ಬರಲ್ಲ ಸರ್. ಉಳಿದಿರೋದು ನಾವು ಹಾಕಿದ್ದು, ಹೋಗಿರೋದು ನಿಮ್ಮ ಹಳೇ ಕೂದಲು.' ಹೋದ ಕೂದಲಿನ ಮೇಲೆ ಹೆಸರು ಬರೆದಿರುತ್ತದೆಯೇ?

ಆಫೀಸಿನ ಹುಡುಗನೂ ತಮಾಷೆ ಬದಲಿಸಿದ. ಈಗ ನಾನು ಬಾರಾ ಕಮಾನ್ ಅಂತೆ. ಎರಡನೇ ಅಲಿ ಆದಿಲ್‌ಶಾಹ 1672ರಲ್ಲಿ ತೀರಿಕೊಂಡ, ಅವನ ಗೋರಿಯ ಕೆಲಸ ಅಲ್ಲಿಗೇ ನಿಂತಿತು, ಇವತ್ತಿಗೂ ಬರೀ ಕಮಾನುಗಳು, ಮೇಲೆ ಛಾವಣಿ ಇಲ್ಲ. ಚೆನ್ನಾಗೇ ಹೇಳಿದ ಅನ್ನಿ. ಅದೇ ಇನ್ನೂ ಜಾಸ್ತಿ ಉರಿಯಿತು.

ನಿನ್ನೆ ಅವನು ಪ್ರಿಂಟರಿನ ಮುಂದೆ ಬಗ್ಗಿ ಕಾಗದ ತುಂಬುತ್ತಿದ್ದ. ನಾನು ಹಿಂದೆ ನಿಂತಿದ್ದೆ. ನೆತ್ತಿಯಲ್ಲಿ, ಜೆಲ್ಲಿನ ನಡುವೆ, ಐದು ರೂಪಾಯಿ ನಾಣ್ಯದಷ್ಟು ಜಾಗ ಖಾಲಿ ಕಂಡಿತು. ಸುಮ್ನೆ ನನ್ನ ಕುರ್ಚಿಗೆ ಬಂದು, ಆ ಶುಭಾಶಯ ತೆಗೆದು, ಗೆಳೆಯರ ಹೆಸರು ಎಂಬಲ್ಲಿ ಅವನ ನಂಬರ್ ಹಾಕಿ ಕಳಿಸಿದೆ.