ಇದು ಬೇಸಿಗೆಯ ಐಸ್ ಹಾಕಿ ಅಲ್ಲ

ನಿನ್ನೆ ಇಲ್ಲಿ, ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ, ನಮ್ಮ ಕನ್ನಡದವರ ಪಿಕ್ನಿಕ್ ಇತ್ತು. ಮಗಳು ರಿಂಕ್‌ನಿಂದ ನೇರ ಅಲ್ಲಿಗೇ ಬಂದಳು. ಬೆನ್ನ ಮೇಲೆ ಅವಳಷ್ಟೇ ದೊಡ್ಡ ಬ್ಯಾಗು, ಕೈಯಲ್ಲಿ ಸ್ಟಿಕ್. ಪರಿಚಯದ ಹಿರಿಯರೊಬ್ಬರು ಪ್ರೀತಿಯಿಂದಲೇ ಮಾತಾಡಿಸಿದರು. "ಏನು ಪುಟ್ಟಿ, ಬೇಸಿಗೇಲೂ ಹಾಕಿನಾ?" ಇವಳು ಇನ್‌ಲೈನ್ ಹಾಕಿ ಅಂದಳು, ಒಂದೇ ಸಾಲಿನಲ್ಲಿ ಚಕ್ರ ಇರುವ ಸ್ಕೇಟ್ ಹಾಕಿಕೊಂಡು ಆಡುವ ಹಾಕಿ. "ಓ, ಚಕ್ರದ್ದಾ! ಒಳ್ಳೇದು ಬಿಡು, ಚಳಿಗಾಲಕ್ಕೆ ಪ್ರಾಕ್ಟೀಸ್ ಆಗುತ್ತೆ."

ಮಗಳು ಏನೂ ಹೇಳಲಿಲ್ಲ. ತಟ್ಟೆ ತಗೊಂಡು ಪುಳಿಯೋಗರೆ ಕಡೆ ಹೋದಳು. ಸಿಟ್ಟು ಬಂದಿದ್ದು ನನಗೆ. ಅವಳು ಐಸ್ ಮೇಲೆ ಆಡುವುದೇ ಇಲ್ಲ. ಯಾವ ಚಳಿಗಾಲಕ್ಕೆ ಪ್ರಾಕ್ಟೀಸ್?

ರಾತ್ರಿ ಮನೆಗೆ ಬಂದ ಮೇಲೆ ಅವಳು 2017ರ ಬ್ರಾಟಿಸ್ಲಾವಾ ವಿಶ್ವ ಚಾಂಪಿಯನ್‌ಷಿಪ್‌ನ ಹಳೆಯ ಪಂದ್ಯವೊಂದನ್ನು ಹಾಕಿಕೊಂಡು ಕೂತಳು. ನಾನೂ ಪಕ್ಕದಲ್ಲಿ ಕೂತೆ. ಎಂಥ ಆಟ! ಒಂದು ಕಡೆಗೆ ನಾಲ್ಕು ಜನ, ಜೊತೆಗೆ ಗೋಲ್‌ಕೀಪರ್. ಐಸ್ ಹಾಕಿಗಿಂತ ಒಬ್ಬರು ಕಡಿಮೆ. ಒಬ್ಬರು ಕಡಿಮೆಯಾದರೆ ಎಷ್ಟು ಜಾಗ ಸಿಗುತ್ತದೆ ಅನ್ನುವುದನ್ನು ನೋಡಿಯೇ ತಿಳಿಯಬೇಕು. ನೀಲಿ ಗೆರೆಗಳಿಲ್ಲ, ಹಾಗಾಗಿ ಪಕ್‌ಗಿಂತ ಮೊದಲು ಆ ಗೆರೆ ದಾಟಿದರೆ ತಪ್ಪು ಅನ್ನುವ ಐಸ್ ಹಾಕಿಯ ಆಫ್‌ಸೈಡ್ ಇಲ್ಲಿಲ್ಲ. ಮೈಗೆ ಮೈ ಗುದ್ದಿ ಬೀಳಿಸುವಂತಿಲ್ಲ. ಪಕ್, ಅಂದರೆ ಚೆಂಡಿನ ಬದಲು ಹೊಡೆಯುವ ಚಪ್ಪಟೆ ಬಿಲ್ಲೆ, ಇಲ್ಲಿ ಹಗುರ. ನೆಲದ ಮೇಲೆ ಜಾರಲಿ ಅಂತ ಅದಕ್ಕೆ ಸಣ್ಣ ಸಣ್ಣ ಗುಬುಟುಗಳು.

ಇದರಿಂದ ಏನಾಗುತ್ತದೆ ಗೊತ್ತಾ? ಐಸ್ ಹಾಕಿಯಲ್ಲಿ ದಾರಿ ಕಾಣದಿದ್ದರೆ ಪಕ್ ಅನ್ನು ಎದುರಾಳಿಯ ಮೂಲೆಗೆ ಹೊಡೆದು, ಹಿಂದೆ ಓಡಿಹೋಗಿ ಗುದ್ದಾಡಿ ಕಿತ್ತುಕೊಳ್ಳಬಹುದು. ಇಲ್ಲಿ ಹಾಗೆ ಬಿಟ್ಟುಕೊಟ್ಟರೆ ಕಷ್ಟ. ಗುದ್ದಿ ಕಿತ್ತುಕೊಳ್ಳುವಂತಿಲ್ಲವಲ್ಲ. ಅದಕ್ಕೇ ಇವರು ಹಿಂದಕ್ಕೆ ಬರುತ್ತಾರೆ. ತಮ್ಮದೇ ಗೋಲಿನ ಹಿಂದೆ ಸುತ್ತಿ, ಪಾಸ್ ಕೊಟ್ಟು, ಕಾದು, ಮತ್ತೆ ಕೊಟ್ಟು, ಸಂದಿ ಕಂಡ ಕೂಡಲೇ ನುಗ್ಗುತ್ತಾರೆ. ತಾಳ್ಮೆಯ ಆಟ. ನಿಲ್ಲುವುದು ಕೂಡ ಬೇರೆ. ಐಸ್ ಮೇಲೆ ಬ್ಲೇಡ್ ಅಡ್ಡ ಹಾಕಿ ಗಕ್ಕನೆ ನಿಲ್ಲುತ್ತಾರೆ. ಚಕ್ರ ಹಾಗೆ ಸುಲಭಕ್ಕೆ ಜಾರುವುದಿಲ್ಲ, ನೆಲವನ್ನು ಕಚ್ಚಿ ಹಿಡಿಯುತ್ತದೆ. ಮಗಳು ಅದನ್ನು ಕಲಿಯಲು ಎರಡು ವರ್ಷ ಮೊಣಕಾಲು ಕೆತ್ತಿಸಿಕೊಂಡಿದ್ದಾಳೆ. ಇಷ್ಟೆಲ್ಲ ಬೇರೆ ಇರುವ ಆಟವನ್ನು ಇನ್ನೊಂದು ಆಟದ ಪ್ರಾಕ್ಟೀಸ್ ಅನ್ನುವುದು ನ್ಯಾಯವಾ?

ಪಂದ್ಯ ಮುಗಿದಾಗ ಅವಳು ಕೇಳಿದಳು, "ಅಮ್ಮಾ, ಇವರು ಇದನ್ನ ಯಾಕೆ ನಿಲ್ಲಿಸಿಬಿಟ್ರು?"

ನಿಲ್ಲಿಸಿದ್ದು ಹೌದು. ಅಂತರರಾಷ್ಟ್ರೀಯ ಐಸ್ ಹಾಕಿ ಫೆಡರೇಷನ್ 1996ರಲ್ಲಿ ತನ್ನ ಮೊದಲ ಇನ್‌ಲೈನ್ ವಿಶ್ವ ಚಾಂಪಿಯನ್‌ಷಿಪ್ ನಡೆಸಿತು. ಎಲ್ಲಿ? ಇಲ್ಲೇ, ನಮ್ಮ ಮಿನಿಯಾಪೊಲಿಸ್–ಸೇಂಟ್ ಪಾಲ್‌ನಲ್ಲಿ. ಅಮೆರಿಕವೇ ಗೆದ್ದಿತು. ಕೊನೆಯದು ಬ್ರಾಟಿಸ್ಲಾವಾ. 2019ರಲ್ಲಿ ಈ ಟೂರ್ನಿಯನ್ನು ಕೈಬಿಟ್ಟರು. ಐಸ್ ಹಾಕಿಯವರಿಗೆ ಐಸ್ ಹಾಕಿಯೇ ಮುಖ್ಯ, ಅದು ನನಗೂ ಅರ್ಥವಾಗುತ್ತದೆ. ಆದರೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸಾಕಿದ್ದನ್ನು ಹಾಗೆ ಬಿಟ್ಟುಬಿಡಬಹುದು ಅಂತ ಅನ್ನಿಸಿದ್ದು ಯಾಕೆ? ಅದು ಪಕ್ಕದ ಆಟ, ಬೇಸಿಗೆಯ ಆಟ ಅನ್ನುವ ಭಾವನೆ ಎಲ್ಲೋ ಒಳಗೆ ಇದ್ದದ್ದಕ್ಕೇ ಅಂತ ನನ್ನ ನಂಬಿಕೆ.

ಇನ್ನೊಂದು ವಿಶ್ವ ಚಾಂಪಿಯನ್‌ಷಿಪ್ ಉಳಿದಿದೆ, ಪುಣ್ಯ. ಅದು ಚಕ್ರದ ಸ್ಕೇಟಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆಯವರದ್ದು. ವಾಸ್ತವವಾಗಿ ಅದೇ ಹಳೆಯದು, ಮೊದಲು ನಡೆದದ್ದು 1995ರಲ್ಲಿ ಷಿಕಾಗೋದಲ್ಲಿ. ಹೆಂಗಸರಿಗೆ ವಿಶ್ವ ಕಿರೀಟ ಕೊಟ್ಟದ್ದೂ ಇವರೇ, 2002ರಿಂದ. ಮಗಳು ಕನಸು ಕಾಣುತ್ತಿದ್ದರೆ ಅದು ಆ ಬಾಗಿಲಿನ ಕಡೆ ನೋಡಿಕೊಂಡು. ಈಗ ಆ ಸಂಸ್ಥೆ ವರ್ಲ್ಡ್ ಸ್ಕೇಟ್. ಸ್ಕೇಟ್‌ಬೋರ್ಡ್‌ನವರೂ ಸೇರಿ 2017ರಲ್ಲಿ ಆದದ್ದು. ಸ್ಕೇಟ್‌ಬೋರ್ಡ್ ಟೋಕಿಯೋ ಒಲಿಂಪಿಕ್ಸ್‌ಗೆ ಹೋಯಿತು, ಎಲ್ಲರ ಕಣ್ಣೂ ಅತ್ತ ತಿರುಗಿತು. ದೊಡ್ಡ ಮನೆ, ತುಂಬಾ ಮಕ್ಕಳು. ಅಲ್ಲೂ ಇನ್‌ಲೈನ್ ಹಾಕಿಗೆ ಸಿಕ್ಕಿದ್ದು ಒಂದು ಸಣ್ಣ ಕೋಣೆ. ಒಂದು ಮನೆಯಲ್ಲಿ ಐಸ್‌ನ ನೆರಳು, ಇನ್ನೊಂದು ಮನೆಯಲ್ಲಿ ಹತ್ತರಲ್ಲಿ ಹನ್ನೊಂದು.

"ಆದರೂ ಅದು ಹುಟ್ಟಿದ್ದೇ ಐಸ್ ಹಾಕಿಗೋಸ್ಕರ ಅಲ್ವಾ?" ಅಂತ ನೀವು ಕೇಳಬಹುದು. ನನ್ನ ಗಂಡನೂ ನಿನ್ನೆ ಕಾರಿನಲ್ಲಿ ಇದನ್ನೇ ಕೇಳಿದರು. ಇರಬಹುದು. 1980ರ ಸುಮಾರಿಗೆ ಇದೇ ಊರಿನ ಸ್ಕಾಟ್ ಮತ್ತು ಬ್ರೆನನ್ ಓಲ್ಸನ್ ಅನ್ನುವ ಅಣ್ಣತಮ್ಮಂದಿರು, ಹಾಕಿ ಆಡುವವರು, ಐಸ್ ಇಲ್ಲದ ತಿಂಗಳುಗಳಲ್ಲಿ ಏನು ಮಾಡುವುದು ಅಂತ ಹಳೆಯ ಸ್ಕೇಟ್ ಒಂದನ್ನು ತಿದ್ದಿ ಬೆಳೆಸಿದರು. ಅದೇ ಮುಂದೆ ರೋಲರ್‌ಬ್ಲೇಡ್ ಅನ್ನುವ ಹೆಸರಿನ ಇನ್‌ಲೈನ್ ಸ್ಕೇಟ್ ಆಯಿತು. ಒಪ್ಪಿದೆ. ಆದರೆ ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು ಹೇಗೆ? 1891ರ ಚಳಿಗಾಲದಲ್ಲಿ, ಹೊರಗೆ ಆಡಲಾಗದ ಹುಡುಗರಿಗೆ ಒಳಗೆ ಏನಾದರೂ ಬೇಕಲ್ಲ ಅಂತ ಸ್ಪ್ರಿಂಗ್‌ಫೀಲ್ಡ್‌ನ ಜೇಮ್ಸ್ ನೈಸ್ಮಿತ್ ಕಟ್ಟಿದ ಆಟ ಅದು. ಇವತ್ತು ಯಾರಾದರೂ ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗನಿಗೆ "ಒಳ್ಳೇದು, ಬೇಸಿಗೆಯ ಆಟಕ್ಕೆ ಪ್ರಾಕ್ಟೀಸ್ ಆಗುತ್ತೆ" ಅಂತಾರಾ? ಹುಟ್ಟಿದ ಕಾರಣವನ್ನು ಜೀವನವಿಡೀ ಕುತ್ತಿಗೆಗೆ ಕಟ್ಟಿಕೊಂಡು ತಿರುಗಬೇಕಾ?

ಇನ್ನು ಕೆಲವರು ಹೊಗಳುವ ರೀತಿಯೇ ಬೇಜಾರು. "ಇನ್‌ಲೈನ್ ಆಡಿದ ಎಷ್ಟೋ ಹುಡುಗರು ಎನ್‌ಎಚ್‌ಎಲ್‌ಗೆ ಹೋಗಿದ್ದಾರೆ" ಅಂತಾರೆ, ಅಂದರೆ ಇಲ್ಲಿನ ದೊಡ್ಡ ಐಸ್ ಹಾಕಿ ಲೀಗ್‌ಗೆ. ಅದೂ ಮತ್ತೆ ಅದೇ ಅಲ್ವಾ? ಇನ್ನೊಬ್ಬರ ಮನೆಗೆ ಹೋದರೆ ಮಾತ್ರ ಬೆಲೆ.

ಈಗ ನನ್ನ ತಪ್ಪೂ ಹೇಳಬೇಕು. ಅದಿಲ್ಲದೆ ಈ ಬರಹ ಪ್ರಾಮಾಣಿಕ ಆಗುವುದಿಲ್ಲ.

ನಾನು ಮಡಿಕೇರಿಯವಳು, ನಿಮಗೆಲ್ಲ ಗೊತ್ತು. ನಾವು ಕೊಡವರಲ್ಲ, ಆದರೆ ಅಲ್ಲಿ ಬೆಳೆದವರಿಗೆ ಹಾಕಿ ರಕ್ತದಲ್ಲೇ ಬರುತ್ತದೆ. ಅಪ್ಪ ಮೇಷ್ಟ್ರು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದಾಗ ಅಪ್ಪ ಬಸ್ ಹಿಡಿದು ನೋಡಲು ಹೋಗಿದ್ದರು. ಆಮೇಲೂ ಎಷ್ಟೋ ವರ್ಷ ಬಿಡದೆ ಹೋದರು. ಮೊಮ್ಮಗಳು ಸ್ಟಿಕ್ ಹಿಡಿದಿದ್ದಾಳೆ ಅಂತ ಗೊತ್ತಾದಾಗ ಅವರಿಗೆ ಎಷ್ಟು ಸಂತೋಷ! "ಯಾವ ಹಾಕಿ?" ಅಂತ ಫೋನಿನಲ್ಲಿ ಕೇಳಿದರು. ನಾನು "ಐಸ್ ಹಾಕಿ ಅಪ್ಪ" ಅಂದುಬಿಟ್ಟೆ. ವಿವರಿಸುವುದು ಉದ್ದ, ಅಡುಗೆ ಬೇರೆ ಒಲೆ ಮೇಲಿತ್ತು, ಸುಮ್ನೆ ಅಂದೆ. ಮಗಳು ಅಲ್ಲೇ ಟೇಬಲ್ ಹತ್ತಿರ ಓದುತ್ತಾ ಕೂತಿದ್ದಳು. ತಲೆ ಎತ್ತಿ ನೋಡಿದಳು. ಮತ್ತೆ ಪುಸ್ತಕಕ್ಕೆ ತಲೆ ತಗ್ಗಿಸಿದಳು. ಒಂದು ವರ್ಷ ಆಯಿತು. ನಿನ್ನೆ ಪಿಕ್ನಿಕ್‌ನಲ್ಲಿ ಅವಳು ಮಾತಾಡದೆ ಹೋದಾಗ ಅದೇ ನೋಟ ಕಣ್ಣಿಗೆ ಬಂತು. ಆ ಹಿರಿಯರ ಮೇಲೆ ಸಿಟ್ಟಾಗುವ ಮೊದಲು ನನ್ನ ಮೇಲೆ ಸಿಟ್ಟಾಗಬೇಕಿತ್ತು. ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಅದಕ್ಕೇ ರಾತ್ರಿ ಹತ್ತು ಗಂಟೆಗೆ, ಅಲ್ಲಿ ಬೆಳಗಾಗಿತ್ತು, ಅಪ್ಪನಿಗೆ ಫೋನ್ ಮಾಡಿದೆ. ಮಗಳನ್ನು ಪಕ್ಕದಲ್ಲೇ ಕೂರಿಸಿಕೊಂಡೆ. "ಅಪ್ಪ, ಅವತ್ತು ನಾನು ತಪ್ಪು ಹೇಳಿದ್ದೆ, ಅವಳು ಆಡೋದು ಐಸ್ ಹಾಕಿ ಅಲ್ಲ" ಅಂತ ಶುರು ಮಾಡಿದೆ. ಆಮೇಲೆ ಅವಳೇ ಫೋನ್ ಕಿತ್ತುಕೊಂಡಳು. ಚಕ್ರ, ಪಕ್, ನಾಲ್ಕು ಜನ, ಎಲ್ಲ ಅವಳ ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ. ಅಪ್ಪ ನಡುವೆ ತಡೆದರು.

"ಆಫ್‌ಸೈಡ್ ಇಲ್ವಾ?"

"ಇಲ್ಲ ತಾತ."

"ನಮ್ಮ ಹಾಕಿಯಲ್ಲೂ ತೆಗೆದು ಎಷ್ಟೋ ವರ್ಷ ಆಯ್ತು. ಹಂಗಾದ್ರೆ ಇದು ನಮ್ಮದರ ಹತ್ತಿರದ್ದೇ ಕಣಮ್ಮ. ನೀನು ಹಿಂದೆ ಆಡ್ತೀಯೋ, ಮುಂದೆ ಆಡ್ತೀಯೋ?"

ಇಪ್ಪತ್ತು ನಿಮಿಷ ಮಾತಾಡಿದರು ಇಬ್ಬರೂ. ಫೋನ್ ಇಡುವ ಮೊದಲು ಅಪ್ಪ ಅವಳ ಒಂದು ಪಂದ್ಯದ ವಿಡಿಯೋ ಕಳಿಸು ಅಂದಿದ್ದಾರೆ. ಪೂರ್ತಿ ಪಂದ್ಯದ್ದು, ತುಂಡು ಬೇಡವಂತೆ. ಈಗ ಅದನ್ನೇ ಅಪ್‌ಲೋಡ್ ಮಾಡುತ್ತಾ ಕೂತಿದ್ದೇನೆ.